ಸಾಕಿದ ಗಿಡ

ಹೊಸಪೇಟೆಯ ನನ್ನ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಎರಡು ಕುಂಡಗಳಿದ್ದವು. ಒಂದರಲ್ಲಿ ಮಂಗರವಳ್ಳಿ, ಹಂಪಿಯ ಹತ್ತಿರದ ಬೇಲಿಯೊಂದರಿಂದ ಮುರಿದು ತಂದ ಗೇಣುದ್ದದ ತುಂಡು. ಇನ್ನೊಂದರಲ್ಲಿ ಜರಿಗಿಡ, ಮಳೆಗಾಲದಲ್ಲಿ ಸಂಡೂರಿನ ಬೆಟ್ಟಕ್ಕೆ ಹೋದಾಗ ಹಳ್ಳದ ಬಂಡೆಸಂದಿಯಿಂದ ಬೇರುಸಮೇತ ಕಿತ್ತದ್ದು. ಬೇಸಿಗೆಯಲ್ಲಿ ಹತ್ತು ದಿನ ಊರಿಗೆ, ಕಂಪ್ಲಿಗೆ, ಹೋಗಿ ಬಂದೆ. ಮಂಗರವಳ್ಳಿ ಹೋಗುವಾಗ ಹೇಗಿತ್ತೋ ಹಾಗೇ ಇತ್ತು. ಜರಿಗಿಡ ಮುಟ್ಟಿದರೆ ಪುಡಿಯಾಯಿತು.

ಮಂಗರವಳ್ಳಿಯ ಬದುಕೇ ಹಾಗೆ. ನಾಲ್ಕು ಏಣಿನ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಹಗಲಿನಲ್ಲಿ ಕಾಂಡದ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆಯುತ್ತದೆ. ಬಿದ್ದ ತುಂಡೂ ಗೆಣ್ಣಿನಲ್ಲಿ ಬೇರು ಬಿಡುತ್ತದೆ. (ಮನೆಯಲ್ಲಿ ಇದರ ಚಟ್ನಿ ಮಾಡುತ್ತಾರೆ, ಹುಣಸೆಹಣ್ಣು ಕಡಿಮೆಯಾದರೆ ಗಂಟಲು ಕೆರೆಯುತ್ತದೆ.) ಜರಿಗಿಡಕ್ಕೆ ನೆರಳು ಬೇಕು, ತೇವದ ಗಾಳಿ ಬೇಕು, ಜಿನುಗುವ ನೀರು ಬೇಕು. ಅಷ್ಟನ್ನೂ ಆ ಹಳ್ಳ ಕೊಡುತ್ತಿತ್ತು. ಕಿತ್ತ ಗಳಿಗೆಯಿಂದ ಹಳ್ಳದ ಕೆಲಸ ನನ್ನದಾಯಿತು. ನಾನು ಅದನ್ನು ದಿನಕ್ಕೊಂದು ಲೋಟ ನೀರು ಅಂದುಕೊಂಡೆ.

‘ಒಂದು ಗಿಡ ತಾನೇ, ಬೆಟ್ಟದಲ್ಲಿ ಬೇಕಾದಷ್ಟಿವೆ’ ಎಂದ ಗೆಳೆಯ. ಸಂಡೂರಿನ ಸುತ್ತ ಬೆಳೆದವರಿಗೆ ಇಂಥ ಲೆಕ್ಕ ಹೊಸದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ, ಕೆಟ್ಟ ನೆಲವನ್ನು ಸರಿಪಡಿಸುವ ಷರತ್ತಿನ ಮೇಲೆ ಹಲವು ಗಣಿಗಳಿಗೆ ಮತ್ತೆ ಅನುಮತಿ ಕೊಟ್ಟಿತು. ಷರತ್ತು ಬೇಕಾದದ್ದೇ. ಆದರೆ ಕಡಿದ ಕಾಡಿಗೆ ಬದಲು ಇಷ್ಟು ಸಸಿ ಎನ್ನುವಾಗ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬರುವ ಆ ಸಸಿಯೂ ಕುಂಡದ ಗಿಡವೇ. ಯಾರಾದರೂ ವರ್ಷಗಟ್ಟಲೆ ನೀರು ಹಾಕಬೇಕು. ಕಾಡು ಅದನ್ನು ಯಾರಿಂದಲೂ ಕೇಳಿರಲಿಲ್ಲ. ಗಣಿಯವರ ಲೆಕ್ಕವನ್ನು ತಪ್ಪೆನ್ನುವ ನಾನು ನನ್ನ ಕಿಟಕಿಯಲ್ಲಿ ಅದನ್ನೇ ಮಾಡಿದ್ದೆ. ಅಳತೆ ಚಿಕ್ಕದು ಎಂಬುದಷ್ಟೇ ನನ್ನ ಸಮರ್ಥನೆ.

ಹಾಗಂತ ಕುಂಡವೇ ತಪ್ಪೆಂದು ನನಗನ್ನಿಸುವುದಿಲ್ಲ. ಬಾಡಿಗೆ ಕೋಣೆಯಲ್ಲಿರುವವರಿಗೂ ಒಂದಿಷ್ಟು ಹಸಿರು ಬೇಕು. ನಮ್ಮಲ್ಲಿ ‘ಸಾಕು’ ಅಂದರೆ ಪೋಷಿಸು, ‘ಸಾಕು’ ಅಂದರೆ ಇಷ್ಟಕ್ಕೆ ನಿಲ್ಲಿಸು. ಜರಿಗಿಡವನ್ನು ಕೀಳುವಾಗ ನನಗೆ ಮೊದಲನೆಯದು ಮಾತ್ರ ಹೊಳೆದಿತ್ತು. ಪ್ರೀತಿಯೇನೂ ಕಡಿಮೆ ಇರಲಿಲ್ಲ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ. ಅದಕ್ಕೆ ಏನು ಬೇಕೆಂದು ಮಾತ್ರ ಕೇಳಿಕೊಂಡಿರಲಿಲ್ಲ.

ಈ ಮಳೆಗಾಲಕ್ಕೆ ಗೆಳೆಯರು ಮತ್ತೆ ಸಂಡೂರಿಗೆ ಕರೆದಿದ್ದಾರೆ. ಹೋಗುತ್ತೇನೆ. ಖಾಲಿಯಾದ ಕುಂಡಕ್ಕೆ ಮಂಗರವಳ್ಳಿಯ ತುದಿ ಮುರಿದು ಚುಚ್ಚಿದ್ದೇನೆ.