ಹೆದರಿಸೋದೂ ಒಂದು ವಿದ್ಯೆನಾ?

ಭಾನುವಾರ ಮಧ್ಯಾಹ್ನ ನಾವು ಐದು ಜನ ಗೆಳೆಯರು ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಹೋಗಬೇಕು, ಏನಾದ್ರೂ ಸಾಧಿಸಬೇಕಾದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ನಮ್ಮಲ್ಲೊಬ್ಬ ಡ್ವಾರ್ಫ್ ಆಗಿದ್ದಾನೆ. ಅಂದ್ರೆ ಗಡ್ಡದ ಕುಬ್ಜ, ಗಣಿ ಅಗೆಯೋನು, ವ್ಯಾಪಾರದಲ್ಲಿ ಜಗ್ಗದೋನು. ಮೊನ್ನೆ ಅವನು ಒಂದು ಅಂಗಡಿಗೆ ಹೋಗಿ, ಕೊಡಲಿಯನ್ನ ಮೇಜಿನ ಮೇಲಿಟ್ಟು, "ಈಗ ರೇಟು ಹೇಳು" ಅಂದ. ದಾಳದಲ್ಲಿ ಹದಿನೆಂಟು ಬಿತ್ತು. ರೇಟು ಅರ್ಧಕ್ಕಿಳೀತು. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ.

ಈ ಆಟದಲ್ಲಿ ಮನವೊಲಿಸೋದು, ಸುಳ್ಳು ಹೇಳೋದು, ಹೆದರಿಸೋದು ಮೂರೂ ಬೇರೆ ಬೇರೆ ಕೌಶಲಗಳು. ಮೂರಕ್ಕೂ ಮೂಲ ಆಡುವವನ ವರ್ಚಸ್ಸು. ಅಂದ್ರೆ ಹೆದರಿಸೋ ಶಕ್ತಿ ಹೆದರಿಸುವವನ ಒಳಗೇ ಇರುತ್ತೆ ಅನ್ನೋದು ಆಟದ ಲೆಕ್ಕ. ಮನೆಗೆ ಬರೋ ದಾರಿಯಲ್ಲಿ ನನಗೆ ಈ ಲೆಕ್ಕ ತಪ್ಪು ಅನ್ನಿಸ್ತು.

ನಮ್ಮೂರು ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದ ಹತ್ತಿರ. ಸಿಮೆಂಟ್ ಫ್ಯಾಕ್ಟರಿ, ರೈಲ್ವೆ ಸ್ಟೇಷನ್ ಬಿಟ್ಟರೆ ಉಳಿದಿದ್ದೆಲ್ಲ ತೆಂಗು. ಬಲಿತ ಕಾಯಿಯನ್ನ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯ್ತೀವಿ. ಒಳಗಿನ ನೀರು ಇಂಗಿ, ಅಲ್ಲಾಡಿಸಿದ್ರೆ ಉಂಡೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೀತೀವಿ.

ನಾನು ಹೈಸ್ಕೂಲಲ್ಲಿದ್ದಾಗ ಮನೆಬಾಗಿಲಿಗೆ ಬಂದು ಕೊಬ್ಬರಿ ಕೊಳ್ಳೋ ವ್ಯಾಪಾರಿಯೊಬ್ಬರಿದ್ರು. ಒಂದು ದಿನವೂ ದನಿ ಎತ್ತಿದವರಲ್ಲ. ಬಂದು ಜಗಲಿ ಮೇಲೆ ಕೂರೋರು. ಒಂದು ಉಂಡೆ ತಗೊಂಡು ಕೊಯ್ದು, ಮೂಸಿ, "ಕೌಟು ಜಾಸ್ತಿ ಐತೆ ಗೌಡ್ರೇ" ಅನ್ನೋರು. ಅಪ್ಪ ಏನಾದ್ರೂ ಹೇಳೋಕೆ ಹೊರಟ್ರೆ ಜೇಬಿಂದ ಒಂದು ಸಣ್ಣ ಪುಸ್ತಕ ತೆಗೆದು ಪಕ್ಕದಲ್ಲಿಡೋರು. ತೆರೀತಾನೂ ಇರಲಿಲ್ಲ. ಅಪ್ಪ ಬೋರ್‌ವೆಲ್ ಕೊರೆಸೋಕೆ ಅವರ ಹತ್ತಿರ ತಗೊಂಡಿದ್ದ ದುಡ್ಡಿನ ಲೆಕ್ಕ ಅದರಲ್ಲಿತ್ತು. ಅಪ್ಪ "ನೀವೇ ನೋಡಿ ಮಾಡಿ" ಅಂದುಬಿಡೋರು.

ಸಾಲ ತೀರಿದ ವರ್ಷ ಅದೇ ವ್ಯಾಪಾರಿ ಬಂದ್ರು, ಅದೇ ಥರ ಉಂಡೆ ಮೂಸಿದ್ರು. ಅಪ್ಪ ನಕ್ಕು, "ತಿಪಟೂರಿಗೇ ಹಾಕ್ತೀನಿ ಬಿಡಿ" ಅಂದ್ರು. ವ್ಯಾಪಾರಿಯೂ ನಕ್ಕರು. ಕಾಫಿ ಕುಡಿದು ಹೋದ್ರು. ಅವರ ವರ್ಚಸ್ಸೇನೂ ಕಡಿಮೆಯಾಗಿರಲಿಲ್ಲ. ಹೆದರಿಕೆ ಇದ್ದಿದ್ದು ಅವರ ಮುಖದಲ್ಲಲ್ಲ, ನಮ್ಮ ಬೋರ್‌ವೆಲ್ಲಲ್ಲಿ.

ಚೌಕಾಸಿನೇ ತಪ್ಪು ಅಂತ ನಾನು ಹೇಳ್ತಿಲ್ಲ. ನಮ್ಮಮ್ಮ ಸಂತೇಲಿ ಅವರೆಕಾಯಿ ರೇಟು ಕೇಳಿ, ಮೂತಿ ತಿರುವಿ, ನಾಲ್ಕು ಹೆಜ್ಜೆ ಮುಂದೆ ಹೋಗ್ತಾರೆ. ಮಾರೋಳು "ಬಾರಕ್ಕಾ" ಅಂತ ಕರೀತಾಳೆ, ಇಲ್ಲ ಕರಿಯಲ್ಲ. ಇಬ್ಬರಿಗೂ ಬಿಟ್ಟು ಹೋಗೋ ದಾರಿ ಇದೆ. 1872ರ ಭಾರತೀಯ ಕರಾರು ಕಾಯ್ದೆಯೂ ಒಪ್ಪಂದಕ್ಕೆ ಮುಕ್ತ ಒಪ್ಪಿಗೆ ಬೇಕು ಅನ್ನುತ್ತೆ. ಬಲವಂತವನ್ನಷ್ಟೇ ಅಲ್ಲ, ಇನ್ನೊಬ್ಬರ ಇಚ್ಛೆಯನ್ನ ಹಿಡಿತದಲ್ಲಿಟ್ಟುಕೊಳ್ಳಬಲ್ಲ ಜಾಗದಲ್ಲಿ ನಿಂತು ಅನ್ಯಾಯದ ಲಾಭ ಪಡೆಯೋದನ್ನೂ ಅದು ಬೇರೆಯಾಗಿ ಹೆಸರಿಸುತ್ತೆ. ಆದರೆ ತೆರೆಯದ ಪುಸ್ತಕವನ್ನ ಯಾವ ಕೋರ್ಟಿಗೆ ಸಾಕ್ಷಿಯಾಗಿ ತಗೊಂಡು ಹೋಗೋದು?

ಈಗ ತಿಪಟೂರು ಎಪಿಎಂಸಿಯಲ್ಲಿ ಇ-ಟೆಂಡರ್ ಇದೆ. ವ್ಯಾಪಾರಿಗಳು ಕಂಪ್ಯೂಟರಿನಲ್ಲಿ ರೇಟು ಹಾಕ್ತಾರೆ. ಯಾರೂ ಹುಬ್ಬು ಗಂಟಿಕ್ಕಿ ಹೆದರಿಸೋ ಹಾಗಿಲ್ಲ. ಸಾಫ್ಟ್‌ವೇರ್‌ನವನಾದ ನನಗೆ ಇದು ಖುಷಿಯ ವಿಷಯವೇ. ಆದರೆ 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಬೆಲೆ ಅದಕ್ಕಿಂತ ತುಂಬಾ ಕೆಳಗಿತ್ತು. ಸಾಲ ಇಲ್ಲದವರು ಕಾದರು. ಇದ್ದವರು ಸಿಕ್ಕಿದ ಬೆಲೆಗೆ ಕೊಟ್ಟರು. ಹುಬ್ಬನ್ನ ಸಾಫ್ಟ್‌ವೇರ್ ಮರೆಮಾಡಬಹುದು, ಗರಜನ್ನಲ್ಲ. ರೈತರು ಬೆಂಬಲ ಬೆಲೆಗೆ ಖರೀದಿ ಮಾಡಿ ಅಂತ ಕೇಳೋದು, ನನ್ನ ಪ್ರಕಾರ, ಬರೀ ದುಡ್ಡಿಗಲ್ಲ. "ಬೇಡ" ಅನ್ನೋ ಶಕ್ತಿಗೆ.

ಇಷ್ಟೆಲ್ಲ ಬರೆಯೋಕೆ ನನಗೆ ಹಕ್ಕಿದೆಯಾ? ಅದನ್ನೂ ಹೇಳಿಬಿಡ್ತೀನಿ. ಹೋದ ಸಲ ಊರಿಗೆ ಹೋಗಿದ್ದಾಗ, ಕಾಯಿ ಸುಲಿಯೋಕೆ ಬರೋರು ಸಾವಿರ ಕಾಯಿಗೆ ಐವತ್ತು ರೂಪಾಯಿ ಜಾಸ್ತಿ ಕೇಳಿದ್ರು. ನಾನು ಮೊಬೈಲ್ ತೆಗೆದು, ಕಾಯಿ ಸುಲಿಯೋ ಮಷೀನಿನ ವಿಡಿಯೋ ಹಾಕಿ ಅವರ ಕೈಗೆ ಕೊಟ್ಟೆ. ಒಂದು ಮಾತೂ ಆಡಲಿಲ್ಲ. ಅವರು ಪೂರ್ತಿ ನೋಡಿದ್ರು. "ಹಳೇ ರೇಟೇ ಇರ್ಲಿ ಬಿಡಿ ಅಣ್ಣ" ಅಂದ್ರು. ನನಗಿಂತ ಹದಿನೈದು ವರ್ಷ ದೊಡ್ಡವರು.

ಮಷೀನ್ ತರೋ ಯೋಚನೆ ನನಗೆ ಇರಲೇ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನ ಜಾಣತನ ಹೇಳಿಕೊಂಡೆ. ಅಪ್ಪ ತಲೆ ಎತ್ತದೆ ಕೇಳಿದ್ರು: "ಅವನ ಮಗಳಿಗೆ ಕಾಲೇಜು ಫೀಸು ಕಟ್ಟಬೇಕು ಅಂತ ನಿಂಗೆ ಗೊತ್ತಿರಲಿಲ್ವಾ?"

ಗೊತ್ತಿತ್ತು. ಬೆಳಗ್ಗೆ ಅವರೇ ಹೇಳಿದ್ರು. ಅದು ಗೊತ್ತಿದ್ದಿದ್ದಕ್ಕೇ ವಿಡಿಯೋ ಕೆಲಸ ಮಾಡುತ್ತೆ ಅನ್ನೋದೂ ಗೊತ್ತಿತ್ತು.

ನನಗೀಗ ಇರೋ ಅಳತೆಗೋಲು ಇಷ್ಟೇ. ಎದುರಿನವರ ಗರಜು ಗೊತ್ತಿಲ್ಲದಿದ್ರೆ ನಾನು ಇದೇ ಮಾತು ಆಡ್ತಿದ್ದೆನಾ? ಹೌದಾದ್ರೆ ಅದು ವ್ಯಾಪಾರ. ಇಲ್ಲ ಅಂದ್ರೆ ನಾನು ಮೇಜಿನ ಮೇಲೆ ಕೊಡಲಿ ಇಟ್ಟಿದ್ದೀನಿ ಅಂತ ಅರ್ಥ. ಆಫೀಸಿನಲ್ಲಿ ಕೆಲಸ ಕಳಕೊಂಡು ಇಂಟರ್‌ವ್ಯೂಗೆ ಬಂದವರ ಹತ್ತಿರ ಸಂಬಳ ಮಾತಾಡುವಾಗಲೂ ಇದನ್ನೇ ಕೇಳಿಕೊಳ್ತೀನಿ. ಉತ್ತರ ಯಾವಾಗಲೂ ಹಿತವಾಗಿರೋದಿಲ್ಲ.

ಆಟದಲ್ಲಿ ದಾಳ ನಿಂತ ಕೂಡಲೇ ಅಂಗಡಿಯವನು ಮಾಯ. ಊರಲ್ಲಿ ಹಾಗಾಗಲ್ಲ. ಹಬ್ಬಕ್ಕೆ ಹೋದಾಗ ಬಾಕಿ ದುಡ್ಡು ಲೆಕ್ಕ ಹಾಕಿ ಅವರ ಕೈಗಿಟ್ಟೆ. ಎಣಿಸಿ ಜೇಬಿಗಿಟ್ಟುಕೊಂಡ್ರು. ಗೇಟಿನ ತನಕ ಹೋದವರು ತಿರುಗಿ ಬಂದು ಮೆಲ್ಲಗೆ ಕೇಳಿದ್ರು: "ಮಷೀನ್ ಯಾವಾಗ ಬರ್ತದೆ ಅಣ್ಣ?"