ತಡ ಯಾರಿಗೆ?

ಬಾಗಲಕೋಟೆ–ಕುಡಚಿ ರೈಲು ಮಾರ್ಗ, 142 ಕಿ.ಮೀ., ಮಂಜೂರಾದದ್ದು 2010-11ರಲ್ಲಿ. ರನ್ನ ಬೆಳಗಲಿಯಲ್ಲಿ ಸಾಲಿಗೆ ಹೋಗುವಾಗ ಕೇಳಿದ ಸುದ್ದಿ. ಹಳಿ ಖಜ್ಜಿಡೋಣಿ ತನಕ ಬಂದು ವರ್ಷಗಟ್ಟಲೆ ನಿಂತಿತು. ನಾವು ಡಿಗ್ರಿ ಮುಗಿಸಿದಾಗಲೂ ಕುಡಚಿ ಮುಟ್ಟಿರಲಿಲ್ಲ.

ಬೆಂಗಳೂರಿನ ಉಪನಗರ ರೈಲು ತಡವಾದರೆ ಪತ್ರಿಕೆಗಳು ಕೂಗ್ತಾವ. ನಮ್ಮದಕ್ಕೆ ಒಂದೇ ಮಾತು: ಭೂಮಿ ಸಿಗಲಿಲ್ಲ. ಯಾರ ಭೂಮಿ? ಪಹಣಿಯಲ್ಲಿ ಹೆಸರಿದ್ದವರು ದರಕ್ಕೆ ಜಗಳಾಡಲಿ, ಅದು ಅವರ ಹಕ್ಕು. ಅದೇ ಹೊಲದಲ್ಲಿ ಕಬ್ಬು ಕಡಿದ ನಮ್ಮವ್ವನ ಹೆಸರು ಯಾವ ಕಾಗದದಾಗೈತಿ? 2013ರ ಭೂಸ್ವಾಧೀನ ಕಾಯ್ದೆ, ಮೂರು ವರ್ಷ ಅಲ್ಲೇ ದುಡಿದ ಭೂಹೀನ ಕೂಲಿಯನ್ನೂ ಬಾಧಿತ ಕುಟುಂಬ ಎನ್ನುತ್ತದೆ. ದುಡಿದದ್ದಕ್ಕೆ ಸಾಕ್ಷಿ? ಅಂಗೈ ತೋರಿಸಬೇಕೇನು?

ರೈಲು ಬೇಡ ಎನ್ನುವವರಲ್ಲ ನಾವು. ಗುಳೆ ಹೋಗುವ ಕೇರಿಗೇ ಅದು ಮೊದಲು ಬೇಕು. ಆದರೆ ‘ಲಗೂ ಮಾಡ್ರಿ’ ಎಂದು ಕೂಗಿದ ನಾವು, ಆ ಕೂಗಿನಲ್ಲಿ ಅವ್ವನ ದಿನಗೂಲಿಯನ್ನು ಸೇರಿಸಿದ್ದೆವಾ? ಅವಳೇ ಕೇಳಿದಳು: “ರೈಲು ಬಂದ ಮ್ಯಾಲ ಈ ಹೊಲದಾಗ ಕೆಲಸ ಇರ್ತೈತೇನೋ?”

ನಾವು ಉತ್ತರ ಕೊಡಲಿಲ್ಲ.