ಅರಿಯದ ಭಾಷೆಯ ಸಾಕ್ಷ್ಯ ಮತ್ತು ವಿಶ್ವಕೋಶದ ಅರ್ಹತೆ

ತನಗೆ ತಿಳಿಯದ ಭಾಷೆಯಲ್ಲಿರುವ ವಸ್ತುವೊಂದರ ಯೋಗ್ಯತೆಯನ್ನು ನಿರ್ಣಯಿಸಬೇಕಾದ ಸಂದರ್ಭ ಒದಗಿದಾಗ ವಿವೇಕಿಯಾದವನು ಹೇಗೆ ವರ್ತಿಸಬೇಕು? ವಿಶ್ವಕೋಶಗಳ ಕ್ಷೇತ್ರದಲ್ಲಿ ಈ ಪ್ರಶ್ನೆ ಪದೇ ಪದೇ ಏಳುತ್ತಿದೆ. ಅನ್ಯಭಾಷೆಯ ಜನಪ್ರಿಯ ಜಾಲತಾಣವೊಂದಕ್ಕೆ ವಿಶ್ವಕೋಶದಲ್ಲಿ ಸ್ಥಾನ ಕೊಡಬೇಕೇ, ಬೇಡವೇ ಎಂಬುದು ಮೇಲ್ನೋಟಕ್ಕೆ ಸಂಪಾದಕರ ವ್ಯವಹಾರವೆಂದು ತೋರಿದರೂ, ಅದರ ಒಳಗೆ ನ್ಯಾಯಾನ್ಯಾಯದ ವಿಚಾರವಿದೆ.

ಮುದ್ರಿತ ಗ್ರಂಥಗಳ ಕಾಲದಲ್ಲಿ ಪುಟಗಳ ಮಿತಿಯೇ ಎಷ್ಟೋ ನಿರ್ಣಯಗಳನ್ನು ಮಾಡಿಬಿಡುತ್ತಿತ್ತು. 1768ರಲ್ಲಿ ಎಡಿನ್‌ಬರೋ ನಗರದಲ್ಲಿ ಆರಂಭವಾದ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಕೊನೆಯ ಮುದ್ರಿತ ಆವೃತ್ತಿ 2010ರದು. ಅದರಲ್ಲಿ 32 ಸಂಪುಟಗಳಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳಲ್ಲಿ ಮುಗಿಯಿತು. 2001ರಲ್ಲಿ ಹುಟ್ಟಿದ ವಿಕಿಪೀಡಿಯಕ್ಕೆ ಕಾಗದದ ಕಟ್ಟುಪಾಡಿಲ್ಲ. ಸ್ಥಳವಿಲ್ಲವೆಂಬ ನೆಪ ಹೇಳಲು ಬಾರದು. ಆದ್ದರಿಂದ ಆಯ್ಕೆಯ ಹೊಣೆ ಪೂರ್ಣವಾಗಿ ಸಂಪಾದಕರ ವಿವೇಚನೆಯ ಮೇಲೆಯೇ ಬಿದ್ದಿದೆ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಜಪಾನಿನಲ್ಲಿ 1997ರಲ್ಲಿ 'ಅಓಝೊರಾ ಬುಂಕೊ' ಎಂಬ ಜಾಲತಾಣ ಆರಂಭವಾಯಿತು. 'ನೀಲಾಕಾಶದ ಗ್ರಂಥಾಲಯ' ಎಂಬುದು ಆ ಹೆಸರಿನ ಅರ್ಥ. ನತ್ಸುಮೆ ಸೊಸೆಕಿ, ಅಕುತಾಗವಾ ರ್ಯುನೊಸುಕೆ ಮೊದಲಾದ ಲೇಖಕರ, ಹಕ್ಕುಸ್ವಾಮ್ಯದ ಅವಧಿ ತೀರಿದ ಕೃತಿಗಳನ್ನು ಸ್ವಯಂಸೇವಕರು ಅಕ್ಷರ ಜೋಡಿಸಿ, ಕರಡು ತಿದ್ದಿ, ಯಾರು ಬೇಕಾದರೂ ಉಚಿತವಾಗಿ ಓದುವಂತೆ ಇರಿಸಿದ್ದಾರೆ. ಕೃತಿಗಳ ಸಂಖ್ಯೆ 15,000ವನ್ನು ಮೀರಿದೆ. ಜಪಾನೀ ಭಾಷೆ ತಿಳಿಯದ ಸಂಪಾದಕನ ಮುಂದೆ ಈ ಹೆಸರು ಬಂದಿತೆನ್ನಿ. ಅವನು ಯಾವ ಅಳತೆಗೋಲನ್ನು ಹಿಡಿಯಬೇಕು?

ಮೊದಲು ತೋಚುವುದು ಜನಪ್ರಿಯತೆ. ಅಂಗಡಿಯ ಮುಂದೆ ನೆರೆದ ಗಿರಾಕಿಗಳನ್ನು ಎಣಿಸಿದರೆ ವಹಿವಾಟಿನ ಅಂದಾಜು ಸಿಗಬಹುದು; ತೂಕ ಸರಿಯಿದೆಯೇ ಎಂಬುದು ತಿಳಿಯದು. ಎಣಿಕೆಯೂ ನಂಬಲರ್ಹವಾಗಿರಬೇಕಷ್ಟೆ. ಜಾಲತಾಣಗಳ ಜನಪ್ರಿಯತೆಗೆ ಬಹುಕಾಲ ಆಧಾರವಾಗಿದ್ದ ಅಲೆಕ್ಸಾ ಸಂಸ್ಥೆಯ ಶ್ರೇಯಾಂಕ ಪಟ್ಟಿ, ಬಹುಮಟ್ಟಿಗೆ ಆ ಸಂಸ್ಥೆಯ ಉಪಕರಣವನ್ನು ತಮ್ಮ ಗಣಕದಲ್ಲಿ ಅಳವಡಿಸಿಕೊಂಡವರ ಬಳಕೆಯಿಂದ ಮಾಡಿದ ಅಂದಾಜಾಗಿತ್ತು. ಅದನ್ನು ಅಳವಡಿಸಿಕೊಳ್ಳದ ಜನಸಮುದಾಯ ಆ ತಕ್ಕಡಿಗೆ ಏರುತ್ತಲೇ ಇರಲಿಲ್ಲ. 2022ರ ಮೇ ತಿಂಗಳಲ್ಲಿ ಆ ಸೇವೆಯೇ ನಿಂತುಹೋಯಿತು.

ಎರಡನೆಯದು ಸತ್ಕಾರ್ಯದ ಅಳತೆ. ಗ್ರಂಥಗಳನ್ನು ಉಚಿತವಾಗಿ ಒದಗಿಸುವ ಕೆಲಸವನ್ನು ಕಂಡಾಗ ನಮ್ಮ ಮನಸ್ಸು ಸಹಜವಾಗಿ ಅದರ ಕಡೆಗೆ ವಾಲುತ್ತದೆ. ಆದರೆ ವಿಶ್ವಕೋಶದ ಲೇಖನವು ಪುರಸ್ಕಾರವಲ್ಲ. ಒಳ್ಳೆಯದಕ್ಕೆ ಮಾತ್ರ ಸ್ಥಾನವೆಂದರೆ ಕ್ಷಾಮಗಳಿಗೂ ಯುದ್ಧಗಳಿಗೂ ಅಲ್ಲಿ ಎಡೆಯಿರದು. ಹಾಗೆಯೇ ಸ್ಥಾನ ದೊರೆಯದಿದ್ದುದರಿಂದ ಯಾವ ಸೇವೆಯ ಮೌಲ್ಯವೂ ಕುಗ್ಗುವುದಿಲ್ಲ.

ಹಾಗಾದರೆ ಉಳಿಯುವುದು ಸಾಕ್ಷ್ಯ. ಆ ವಸ್ತುವಿನಿಂದ ಲಾಭನಷ್ಟವಿಲ್ಲದ, ವಿಶ್ವಾಸಾರ್ಹರಾದ ಬೇರೆಯವರು ಅದರ ಬಗ್ಗೆ ವಿವರವಾಗಿ ಬರೆದಿದ್ದಾರೆಯೇ ಎಂಬುದೇ ಇಂಗ್ಲಿಷ್ ವಿಕಿಪೀಡಿಯದ ಮುಖ್ಯ ನಿಯಮ. ಯಾವ ವ್ಯಾಪಾರಿಯೂ ತನ್ನ ಲೆಕ್ಕಕ್ಕೆ ತಾನೇ ಪರಿಶೋಧಕನಾಗಲು ಬಾರದು. ಈ ನಿಯಮ ಸಡಿಲವಾದರೆ ವಿಶ್ವಕೋಶವು ಆತ್ಮಪ್ರಶಂಸೆಯ ಜಾಹೀರಾತಾಗಿಬಿಡುತ್ತದೆ. ಅದನ್ನು ನಂಬಿ ಓದುವವನಿಗೆ ವಂಚನೆಯಾಗುತ್ತದೆ.

ಸೂಕ್ಷ್ಮವಿರುವುದು ಇಲ್ಲಿಯೇ. ಸಾಕ್ಷ್ಯ ಯಾವ ಭಾಷೆಯದಾದರೂ ಆಗಬಹುದೆಂದು ಅದೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅವಸರದ ಸಂಪಾದಕನು ರೋಮನ್ ಲಿಪಿಯಲ್ಲಿ ಹೆಸರನ್ನು ಹುಡುಕಿ, ಹೆಚ್ಚೇನೂ ಸಿಗದಿದ್ದಾಗ 'ಆಧಾರವಿಲ್ಲ' ಎಂದು ತೀರ್ಪು ಕೊಟ್ಟುಬಿಡುವ ಅಪಾಯವಿದೆ. ಅದೇ ಹೆಸರನ್ನು ಜಪಾನೀ ಲಿಪಿಯಲ್ಲಿ ಹುಡುಕಿದರೆ ಚಿತ್ರವೇ ಬೇರೆ. ಸಂಸ್ಥಾಪಕ ತೊಮಿತಾ ಮಿಚಿಒ 2013ರಲ್ಲಿ ತೀರಿಕೊಂಡಾಗಲೂ, ಕರ್ತೃವಿನ ಮರಣಾನಂತರ 50 ವರ್ಷಗಳಿದ್ದ ಹಕ್ಕುಸ್ವಾಮ್ಯದ ಅವಧಿ 2018ರ ಡಿಸೆಂಬರ್ 30ರಿಂದ 70 ವರ್ಷಗಳಾದಾಗಲೂ ಆ ದೇಶದ ಪತ್ರಿಕೆಗಳು ಈ ಗ್ರಂಥಾಲಯದ ಕುರಿತು ಬರೆದಿವೆ. ಸಾಕ್ಷಿಗಳು ಇದ್ದರು, ಅವರ ಮಾತು ನ್ಯಾಯಾಧೀಶನಿಗೆ ಅರ್ಥವಾಗುತ್ತಿರಲಿಲ್ಲ, ಅಷ್ಟೆ.

ಹಿಂದೆ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಅನೇಕ ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿರುತ್ತಿದ್ದವು. ಆ ಲಿಪಿ ಓದಲು ಬಾರದವನು ಕಿರ್ದಿಯನ್ನು ತೆರೆದು ನೋಡಿ, ಇದರಲ್ಲಿ ಲೆಕ್ಕವೇ ಇಲ್ಲವೆಂದು ಹೇಳಿದರೆ ಯಾರು ಒಪ್ಪಿಯಾರು? ಓದಬಲ್ಲವನನ್ನು ಕರೆಸುವುದು ಅವನ ಕರ್ತವ್ಯ. ಕರೆಸಲಾಗದಿದ್ದರೆ ತೀರ್ಪು ಕೊಡದೆ ಸುಮ್ಮನಿರುವುದು ಸೌಜನ್ಯ. 'ನನಗೆ ಕಾಣಲಿಲ್ಲ' ಎನ್ನುವುದು ಸತ್ಯವಾದ ಮಾತು. 'ಇಲ್ಲ' ಎನ್ನುವುದು ತಿಳಿದದ್ದಕ್ಕಿಂತ ಹೆಚ್ಚು ಹೇಳುವ ಮಾತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಜಪಾನಿನಲ್ಲಿ ಪ್ರಬಲವಾದ ಪತ್ರಿಕೆಗಳಿವೆ, ಬರೆಯುವವರಿದ್ದಾರೆ. ಬರೆಯುವವರೇ ವಿರಳವಾದ ಭಾಷೆಗಳ ಗತಿಯೇನು? ತುಳು, ಕೊಡವ ಭಾಷೆಗಳಲ್ಲಿ ಜನ ಪ್ರೀತಿಯಿಂದ ಬಳಸುವ ತಾಣವಿದ್ದರೂ ಅದರ ಬಗ್ಗೆ ಸ್ವತಂತ್ರ ಲೇಖನವೊಂದೂ ಇಲ್ಲದಿರಬಹುದು. ಈ ಆಕ್ಷೇಪ ನ್ಯಾಯವಾದದ್ದೇ. ಈ ನಿಯಮದಿಂದ ಇಂಥ ಭಾಷೆಗಳಿಗೆ ನಷ್ಟವಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಆದರೆ ಕರುಣೆಯಿಂದ ಸಾಕ್ಷ್ಯವಿಲ್ಲದ ಲೇಖನವನ್ನು ಒಪ್ಪಿಕೊಂಡರೆ ಅದರ ತಪ್ಪುಗಳನ್ನು ತಿದ್ದಲು ಆಧಾರವೇ ಇರುವುದಿಲ್ಲ. ಆಗ ಹಾನಿ ಆ ಭಾಷೆಯವರಿಗೇ.

ಪರಿಹಾರ ಬೇರೆ ಕಡೆಯಿದೆ. ಪರಭಾಷೆಯ ಸಂಪಾದಕನಿಂದ ತಾಳ್ಮೆಯನ್ನು ಅಪೇಕ್ಷಿಸುವ ನಾವು, ನಮ್ಮ ಭಾಷೆಯ ಕೆಲಸಗಳ ಬಗ್ಗೆ ನಿಷ್ಪಕ್ಷಪಾತವಾಗಿ, ಗುಣದೋಷಗಳೆರಡನ್ನೂ ತೂಗಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳಬೇಕು. ಅಭಿನಂದನ ಗ್ರಂಥಗಳೂ ಸ್ಮರಣ ಸಂಚಿಕೆಗಳೂ ನಮ್ಮಲ್ಲಿ ಹೇರಳವಾಗಿವೆ. ಅವುಗಳ ಹೊಗಳಿಕೆ ಸಾಕ್ಷ್ಯವಾಗಿ ನಿಲ್ಲದು. ಸಂಸ್ಥೆಯೊಂದು ಯಾವ ವರ್ಷ ಆರಂಭವಾಯಿತು, ಯಾರು ನಡೆಸಿದರು, ಎಲ್ಲಿ ಸೋತಿತು ಎಂಬುದನ್ನು ಹೊರಗಿನವರೊಬ್ಬರು ಪ್ರಾಮಾಣಿಕವಾಗಿ ಬರೆದ ನಾಲ್ಕು ಪುಟಗಳು, ಮುಂದೆ ನಮ್ಮ ಭಾಷೆಯನ್ನು ಅರಿಯದ ಸಂಪಾದಕನ ಮುಂದೆ ನಮ್ಮ ಪರವಾಗಿ ನುಡಿಯಬಲ್ಲವು. ವಾಚಕರು ಈ ದಿಕ್ಕಿನಲ್ಲಿ ಯೋಚಿಸಬೇಕೆಂದು ವಿನಂತಿ.